ಪ್ಲಗ್ ಇಲ್ಲದ ಮುಂಬಯಿಗೆ ಹೈಬ್ರಿಡ್ ಕಾರು

ಮುಂಬಯಿಯಲ್ಲಿ ಸಂಸಾರಕ್ಕೊಂದು ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರು ಈಚೆಗೆ ಮೊದಲು ಕೇಳುವುದೇ ಹೈಬ್ರಿಡ್ ಗಾಡಿಯನ್ನು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿ ವರ್ಷಗಳಾಗಿವೆ. ಎಲೆಕ್ಟ್ರಿಕ್ ಕಾರು ತರೋಣವೆಂದರೆ ಸೊಸೈಟಿಯ ಪಾರ್ಕಿಂಗಿನಲ್ಲಿ ಚಾರ್ಜರ್ ಹಾಕಿಸಲು ಎಷ್ಟೋ ಕಡೆ ಒಪ್ಪಿಗೆ ಸಿಗುವುದಿಲ್ಲ. ಸಿಎನ್‌ಜಿ ಎಂದರೆ ಡಿಕ್ಕಿಯ ಜಾಗವೆಲ್ಲ ಸಿಲಿಂಡರಿಗೆ. ಈ ಮೂರು ತಾಪತ್ರಯಗಳಿಂದ ಪಾರಾಗುವ ದಾರಿಯಾಗಿ ಹೈಬ್ರಿಡ್ ಕಾಣಿಸುತ್ತಿದೆ. ದಿನವೂ ಜಾಮಿನಲ್ಲಿ ತೆವಳುವ, ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡುವ ಕುಟುಂಬಕ್ಕೆ ಅದು ನಿಜಕ್ಕೂ ಒಳ್ಳೆಯ ಆಯ್ಕೆ. ವಾರಕ್ಕೊಮ್ಮೆ ದೇವಸ್ಥಾನಕ್ಕೋ ಮಾಲ್‌ಗೋ ಹೋಗಿಬರುವವರಿಗೆ ಅದು ಬೇಡ. ಕೊಳ್ಳುವವರು ಕೂಡ ಮೈಲೇಜಿಗಿಂತ ಮೊದಲು ಬ್ಯಾಟರಿಯ ವಯಸ್ಸು ನೋಡಬೇಕು. ಈ ಲೇಖನದ ವಾದ ಇಷ್ಟೇ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಹೊರದೇಶಗಳಲ್ಲಿ ಸಂಸಾರಸ್ಥರು ಕೊಳ್ಳುವ ಪ್ಲಗ್‌-ಇನ್ ಹೈಬ್ರಿಡ್, ಅಂದರೆ ಮನೆಯಲ್ಲಿ ಚಾರ್ಜ್ ಮಾಡಿ ಒಂದಷ್ಟು ದೂರ ಬ್ಯಾಟರಿಯಲ್ಲೇ ಓಡಿಸಿ, ಆಮೇಲೆ ಪೆಟ್ರೋಲಿಗೆ ಇಳಿಯುವ ಕಾರು, ನಮ್ಮಲ್ಲಿ ಶ್ರೀಮಂತರ ಸೊತ್ತಾಗಿಯೇ ಉಳಿದಿದೆ. ಬಿಎಂಡಬ್ಲ್ಯು ಐ8 ಇಲ್ಲಿಗೆ ಬಂದದ್ದು 2015ರಲ್ಲಿ, ಎರಡು ಕೋಟಿಗೂ ಮಿಕ್ಕಿದ ಬೆಲೆಗೆ. ಮರುವರ್ಷ ಬಂದ ವೋಲ್ವೊ ಎಕ್ಸ್‌ಸಿ90 ಟಿ8ರ ಬೆಲೆ 1.25 ಕೋಟಿ. ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಎರಡು ಕೋಣೆಯ ಮನೆಯ ಸಾಲ ತೀರಿಸುತ್ತಿರುವವರಿಗೆ ಇವು ಲೆಕ್ಕಕ್ಕೇ ಬರುವ ಗಾಡಿಗಳಲ್ಲ. ನಮ್ಮ ಕೈಗೆಟುಕುವುದು ಪ್ಲಗ್ ಇಲ್ಲದ ‘ಸ್ಟ್ರಾಂಗ್ ಹೈಬ್ರಿಡ್’. 2022ರ ಹೋಂಡಾ ಸಿಟಿ ಇ:ಎಚ್‌ಇವಿ, ಅದೇ ವರ್ಷದ ಟೊಯೋಟಾ ಹೈರೈಡರ್ ಮತ್ತು ಅದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ, ದೊಡ್ಡ ಕುಟುಂಬಕ್ಕೆ ಇನೋವಾ ಹೈಕ್ರಾಸ್. ಇವುಗಳಲ್ಲಿ ಸಿಟಿಯೊಂದನ್ನು ಬಿಟ್ಟರೆ ಉಳಿದ ಮೂರೂ ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದವು.

ಮಾರುಕಟ್ಟೆಗೆ ಇಳಿದೊಡನೆ ಎದುರಾಗುವ ಮೊದಲ ಗೊಂದಲ ಹೆಸರಿನದು. ಹಿಂಬಾಗಿಲ ಮೇಲೆ ಹೈಬ್ರಿಡ್ ಎಂಬ ಅಕ್ಷರಗಳಿರುವ ಹಳೆಯ ಸಿಯಾಜ್, ಎರ್ಟಿಗಾಗಳು ಇಲ್ಲಿ ಬೇಕಾದಷ್ಟಿವೆ. ಅವು ಮೈಲ್ಡ್ ಹೈಬ್ರಿಡ್‌ಗಳು. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸುವುದು, ಮತ್ತೆ ಎಬ್ಬಿಸುವುದು, ವೇಗ ಹಿಡಿಯುವಾಗ ಚೂರು ಕೈಜೋಡಿಸುವುದು, ಇಷ್ಟೇ ಅವುಗಳ ಮೋಟಾರಿನ ಕೆಲಸ. ಚಕ್ರವನ್ನು ವಿದ್ಯುತ್ತಿನಿಂದಲೇ ತಿರುಗಿಸುವ ಶಕ್ತಿ ಅವಕ್ಕಿಲ್ಲ. 2015ರ ಏಪ್ರಿಲ್‌ನಲ್ಲಿ ಶುರುವಾದ ಕೇಂದ್ರದ ಫೇಮ್ ಯೋಜನೆಯ ಸಬ್ಸಿಡಿ ಮೊದಲು ಇವಕ್ಕೂ ಸಿಗುತ್ತಿತ್ತು. 2017ರ ಏಪ್ರಿಲ್‌ನಿಂದ ಸರ್ಕಾರವೇ ಇವನ್ನು ಪಟ್ಟಿಯಿಂದ ಕೈಬಿಟ್ಟಿತು. ಸಾಮಾನ್ಯ ಕಾರಾಗಿ ಅವು ಚೆನ್ನಾಗಿಯೇ ಇವೆ. ಹೈಬ್ರಿಡ್ ಎಂದು ಹೇಳಿ ಏಜೆಂಟ್ ಐವತ್ತು ಸಾವಿರ ಏರಿಸಿದರೆ ಮಾತ್ರ ಕೊಡಬಾರದು.

ಸ್ಟ್ರಾಂಗ್ ಹೈಬ್ರಿಡ್ ಮುಂಬಯಿಯಲ್ಲಿ ಏನು ಮಾಡುತ್ತದೆಂದು ತಿಳಿಯಲು ಪಕ್ಕದ ಸೀಟಿನಲ್ಲಿ ಕೂತು ಪರದೆ ನೋಡಬೇಕು. ಮುಲುಂಡಿನಲ್ಲಿರುವ ನಮ್ಮ ಭಾವನ ಹೈರೈಡರಿನಲ್ಲಿ ಎಲ್‌ಬಿಎಸ್ ರಸ್ತೆ ಹಿಡಿದು ಪವಾಯಿಗೆ ಹೋಗುವಾಗ ನಾನು ನೋಡಿದ್ದು ಅದನ್ನೇ. ಭಾಂಡುಪ್ ಬರುವ ಹೊತ್ತಿಗೆ ರಸ್ತೆ ಎಂದಿನಂತೆ ಕಟ್ಟಿಕೊಂಡಿತ್ತು. ಎಂಜಿನ್ ನಿಂತಿದೆ, ಎಸಿ ಮಾತ್ರ ತಣ್ಣಗೆ ಬೀಸುತ್ತಿದೆ; ಇದರ ಕಂಪ್ರೆಸರ್ ನಡೆಯುವುದು ಬ್ಯಾಟರಿಯಿಂದ. ಮುಂದಿನ ಬೆಸ್ಟ್ ಬಸ್ಸು ಹತ್ತಡಿ ಸರಿದರೆ ನಾವೂ ಹತ್ತಡಿ, ಸದ್ದಿಲ್ಲದೆ. ಭಾವ ಬ್ರೇಕ್ ಮುಟ್ಟಿದಾಗೆಲ್ಲ ಪರದೆಯ ಬಾಣ ತಿರುಗಿ ಚಕ್ರದಿಂದ ಬ್ಯಾಟರಿಯತ್ತ ಹರಿಯುತ್ತದೆ. ಬ್ಯಾಟರಿಯ ಗೆರೆಗಳು ಇಳಿದಾಗ ಎಂಜಿನ್ ತಾನಾಗಿ ಎದ್ದು, ಕೆಲವು ನಿಮಿಷ ಗುರುಗುಟ್ಟಿ, ಮತ್ತೆ ಮಲಗುತ್ತದೆ. “ಗಾಂಧಿನಗರ ಜಂಕ್ಷನ್‌ನಲ್ಲಿ ಮೊದಲು ಪೆಟ್ರೋಲು ಸುಮ್ಮನೆ ಉರಿಯುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು ಮಾರಾಯ, ಈಗ ಅದೊಂದು ಇಲ್ಲ” ಎಂದರು ಅವರು.

ಅವರ ಸಮಾಧಾನಕ್ಕೆ ಗಟ್ಟಿ ಕಾರಣವಿದೆ. ಹೈರೈಡರ್ ದೂರದ ಲೆಕ್ಕದಲ್ಲಿ ಶೇ 40ರಷ್ಟು, ಸಮಯದ ಲೆಕ್ಕದಲ್ಲಿ ಶೇ 60ರಷ್ಟು ಎಂಜಿನ್ ಆರಿಸಿಕೊಂಡೇ ಓಡಬಲ್ಲದು ಎನ್ನುತ್ತದೆ ಕಂಪನಿ. ಸಮಯದ ಪಾಲು ಹೆಚ್ಚಿರುವುದು ನಿಂತು ನಿಂತು ಹೋಗುವ ಓಟದಿಂದ. ಬೇರೆ ಕಾರುಗಳು ಅತಿ ಹೆಚ್ಚು ಪೆಟ್ರೋಲು ಕುಡಿಯುವ ಹೊತ್ತಿನಲ್ಲೇ ಇದು ಉಳಿಸುತ್ತದೆ. ಜೆವಿಎಲ್‌ಆರ್, ಘೋಡ್‌ಬಂದರ್ ರಸ್ತೆ, ಅಂಧೇರಿ–ಕುರ್ಲಾ ರಸ್ತೆಗಳಿಗೆ ಹೇಳಿ ಮಾಡಿಸಿದ ಯಂತ್ರವಿದು. ಉಳಿಯುವುದು ನಮ್ಮ ಪೆಟ್ರೋಲು ಮಾತ್ರವಲ್ಲ. ಜಾಮಿನಲ್ಲಿ ಪಕ್ಕದಲ್ಲೇ ನಿಂತ ರಿಕ್ಷಾದವನಿಗೂ ಬೈಕಿನವನಿಗೂ ಒಂದು ಹೊಗೆ ಕೊಳವೆ ಕಡಿಮೆಯಾಗುತ್ತದೆ.

ಆದರೆ ಬ್ಯಾಟರಿ ಬಹಳ ಚಿಕ್ಕದು ಎಂಬುದನ್ನು ಮರೆಯಬಾರದು. ಹೈರೈಡರಿನದು 0.76 ಕಿಲೋವ್ಯಾಟ್ ಅವರ್, ಅಂದರೆ ಮುಕ್ಕಾಲು ಯೂನಿಟ್ಟು. ಲೋಣಾವಳದಿಂದ ಖೋಪೋಲಿಗೆ ಬೋರ್ ಘಾಟಿ ಇಳಿಯುವಾಗ ಕಾರು ಸುಮಾರು 550 ಮೀಟರ್ ಕೆಳಗೆ ಬರುತ್ತದೆ. ಜನ ತುಂಬಿದ, ಒಂದೂವರೆ ಟನ್ ತೂಗುವ ಕಾರಿಗೆ ಆ ಇಳಿತದಲ್ಲಿ ಎರಡು ಯೂನಿಟ್ಟಿಗೂ ಮಿಕ್ಕಿದ ಶಕ್ತಿ ಅಡಗಿರುತ್ತದೆ. ಅಷ್ಟನ್ನು ಹಿಡಿದಿಡುವ ಜಾಗ ಈ ಬ್ಯಾಟರಿಯಲ್ಲಿಲ್ಲ. ಅದು ತುಂಬಿದ ಮೇಲೆ ಕಾರನ್ನು ತಡೆಯುವ ಕೆಲಸ ಎಂಜಿನ್ ಮತ್ತು ಬ್ರೇಕಿನ ಪಾಲಿಗೆ ಬರುತ್ತದೆ. ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಊರಿಗೆ ಹೋಗುವ ನಮ್ಮ ಕರಾವಳಿಯವರು ಇದನ್ನು ತಿಳಿದಿರಬೇಕು: ಇಳಿಜಾರು ಶುರುವಾಗುವ ಮೊದಲೇ ಗೇರ್ ಲಿವರನ್ನು ‘ಬಿ’ಗೆ ಎಳೆದುಕೊಳ್ಳುವುದು ಒಳ್ಳೆಯದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಹೈಬ್ರಿಡ್‌ಗೂ ಸಾಮಾನ್ಯ ಪೆಟ್ರೋಲ್ ಕಾರಿಗೂ ಇರುವ ಅಂತರ ಕಿರಿದಾಗುತ್ತದೆ. ಪೂರ್ತಿ ಲೋಡಿನಲ್ಲಿ ಘಾಟಿ ಹತ್ತುವಾಗ ಹೈರೈಡರಿನ ಮೂರು ಸಿಲಿಂಡರಿನ ಎಂಜಿನ್ ಜೋರಾಗಿ ಕೂಗುತ್ತದೆ. ಊರಿನಿಂದ ಹಲಸಿನಹಣ್ಣು, ತೆಂಗಿನಕಾಯಿ, ಕುಚ್ಚಲಕ್ಕಿ ಮೂಟೆ ತರುವವರಿಗೆ ಡಿಕ್ಕಿಯೂ ಸಾಲದು. ಪೆಟ್ರೋಲ್ ಸಿಟಿಯ ಡಿಕ್ಕಿ 506 ಲೀಟರಾದರೆ ಹೈಬ್ರಿಡ್ ಸಿಟಿಯದು 306. ಸಿಎನ್‌ಜಿಯ ಸಿಲಿಂಡರನ್ನು ದೂರುವವರು ಈ ಅಂಕಿಯನ್ನೂ ಗಮನಿಸಲಿ.

ಇನ್ನು ಹಣದ ಲೆಕ್ಕ. ಪೆಟ್ರೋಲು 103 ರೂಪಾಯಿ, ಊರೊಳಗೆ ಸಾಮಾನ್ಯ ಆಟೊಮ್ಯಾಟಿಕ್ ಕಾರು ಲೀಟರಿಗೆ 11 ಕಿಲೋಮೀಟರ್, ಹೈಬ್ರಿಡ್ 19 ಎಂದು ಹಿಡಿಯೋಣ. ಹೈರೈಡರಿನ ಅಧಿಕೃತ ಅಂಕಿ 27.97. ಅದು ಪರೀಕ್ಷಾ ಕೇಂದ್ರದ ಅಂಕಿ. ಅದನ್ನು ನಂಬಿ ಬಜೆಟ್ ಹಾಕಬಾರದು. ವರ್ಷಕ್ಕೆ 12,000 ಕಿಲೋಮೀಟರ್ ಓಡುವವರಿಗೆ ಸುಮಾರು 47 ಸಾವಿರ ರೂಪಾಯಿ ಉಳಿಯುತ್ತದೆ. 5,000 ಓಡುವವರಿಗೆ ಇಪ್ಪತ್ತು ಸಾವಿರವೂ ಇಲ್ಲ. ಅದೇ ವಯಸ್ಸಿನ ಪೆಟ್ರೋಲ್ ಗಾಡಿಗಿಂತ ಹೈಬ್ರಿಡ್‌ಗೆ ಎರಡೂವರೆ ಲಕ್ಷ ಹೆಚ್ಚು ಕೊಟ್ಟರೆ ಮೊದಲನೆಯವರಿಗೆ ಆ ಹಣ ಐದು ವರ್ಷ ದಾಟುವಷ್ಟರಲ್ಲಿ ಮರಳುತ್ತದೆ, ಎರಡನೆಯವರಿಗೆ ಹನ್ನೆರಡು ವರ್ಷವೂ ಸಾಲದು. ಲೋಕಲ್ ಟ್ರೇನಿನಲ್ಲಿ ಆಫೀಸಿಗೆ ಹೋಗಿ ಭಾನುವಾರ ಮಾತ್ರ ಕಾರು ತೆಗೆಯುವವರು ಎರಡನೆಯ ಗುಂಪಿಗೆ ಸೇರಿದವರು. ಮುಂಬಯಿಯಲ್ಲಿ ಅಂಥವರ ಸಂಖ್ಯೆ ದೊಡ್ಡದು.

ಸಿಎನ್‌ಜಿಯನ್ನು ಬದಿಗೆ ಸರಿಸಿ ಈ ಲೆಕ್ಕ ಮುಗಿಸುವಂತಿಲ್ಲ. ಇಲ್ಲಿ ಸಿಎನ್‌ಜಿ ಪೂರೈಸುವ ಮಹಾನಗರ್ ಗ್ಯಾಸ್ ಶುರುವಾದದ್ದು 1995ರಲ್ಲಿ. ದೇಶದಲ್ಲಿ ಮೊದಮೊದಲು ಸಿಎನ್‌ಜಿ ಕಂಡ ನಗರಗಳಲ್ಲಿ ಮುಂಬಯಿಯೂ ಒಂದು. ಬರೀ ಕಿಲೋಮೀಟರಿನ ಖರ್ಚು ನೋಡಿದರೆ ಸಿಎನ್‌ಜಿ ಎರ್ಟಿಗಾವು ಹೈಬ್ರಿಡ್ ಕಾರನ್ನೂ ಹಿಂದೆ ಹಾಕುತ್ತದೆ. ಕಳೆದುಕೊಳ್ಳುವುದು ಸಮಯವನ್ನು: ರಿಕ್ಷಾ, ಟ್ಯಾಕ್ಸಿಗಳ ಸಾಲಿನಲ್ಲಿ ಕಾಯಬೇಕು. ಮತ್ತೊಂದು ಕ್ಲಚ್ಚಿನ ವಿಚಾರ. ಟೊಯೋಟಾದ ಹೈಬ್ರಿಡ್‌ನಲ್ಲಿ ಕ್ಲಚ್ಚಿಲ್ಲ, ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರಿಲ್ಲ. ಎರಡು ಮೋಟಾರುಗಳೂ ಒಂದು ಪ್ಲಾನೆಟರಿ ಗೇರೂ ಸೇರಿ ಅವೆಲ್ಲದರ ಕೆಲಸ ಮುಗಿಸುತ್ತವೆ. ವೇಗ ತಗ್ಗಿಸುವ ಕೆಲಸದಲ್ಲಿ ಮೋಟಾರುಗಳದೂ ಪಾಲಿರುವುದರಿಂದ ಬ್ರೇಕ್ ಪ್ಯಾಡುಗಳು ಹೆಚ್ಚು ಕಾಲ ಬಾಳುತ್ತವೆ. ಮುಂಬಯಿಯ ಜಾಮಿನಲ್ಲಿ ಮೊದಲು ಸವೆಯುವುದೇ ಕ್ಲಚ್ಚು ಮತ್ತು ಬ್ರೇಕು. ಮೈಲೇಜಿನ ಗದ್ದಲದಲ್ಲಿ ಈ ದೊಡ್ಡ ಗುಣವನ್ನು ಯಾರೂ ಎತ್ತಿ ಹೇಳುವುದಿಲ್ಲ.

ಹೈಬ್ರಿಡ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದೇ ಜಾಣತನ ಎನ್ನಲು ಒಂದು ಕಾರಣ ತೆರಿಗೆ. 2022–23ರಲ್ಲಿ ಈ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 43 ಬೀಳುತ್ತಿತ್ತು, ಎಲೆಕ್ಟ್ರಿಕ್ ಕಾರಿಗೆ ಬರೀ ಶೇ 5. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಹೈಬ್ರಿಡ್‌ಗಳಿಗೆ ಶೇ 40 ಆಗಿದೆ. ಉತ್ತರ ಪ್ರದೇಶ ಸರ್ಕಾರ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ರಸ್ತೆ ತೆರಿಗೆಯನ್ನೇ ಮನ್ನಾ ಮಾಡಿತು. ಜಾಮಿನಲ್ಲಿ ಹೊಗೆ ಉಗುಳದ ಕಾರಿಗೆ ಬೇರೆ ಕಡೆ ಐಷಾರಾಮದ ತೆರಿಗೆ ಹಾಕುವುದು ನ್ಯಾಯವಲ್ಲ. ಆ ಅನ್ಯಾಯದ ಭಾರವನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ, ಎರಡನೆಯವನಿಗೆ ಅಷ್ಟರ ಮಟ್ಟಿಗೆ ಹಗುರ.

ಆ ಲಾಭ ಕೈಯಲ್ಲಿ ಉಳಿಯಬೇಕಾದರೆ ಪರೀಕ್ಷೆ ಬಿಗಿಯಾಗಿರಬೇಕು. ಮೊದಲು ನೋಡಬೇಕಾದದ್ದು ಬ್ಯಾಟರಿ. ಹೈಬ್ರಿಡ್‌ನಲ್ಲಿ ಎಂಜಿನ್ ಎಷ್ಟೋ ಹೊತ್ತು ವಿಶ್ರಾಂತಿಯಲ್ಲಿರುವುದರಿಂದ ಓಡಿದ ಕಿಲೋಮೀಟರುಗಳ ಬಗ್ಗೆ ಅಷ್ಟು ಭಯ ಬೇಡ. ಬ್ಯಾಟರಿಗಾದರೋ ಕಾರು ನಿಂತಿದ್ದರೂ ವಯಸ್ಸಾಗುತ್ತದೆ. ಟೊಯೋಟಾ, ಹೋಂಡಾ ಎರಡೂ ಈ ಬ್ಯಾಟರಿಗಳಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಟ್ಟಿವೆ. 2022ರ ಗಾಡಿಗೆ ಅದು 2030ರಲ್ಲಿ ಮುಗಿಯುತ್ತದೆ. ಈ ಒಂದು ದಿನಾಂಕವೇ ಬೆಲೆಯ ಮಾತುಕತೆಯ ಬುಡ. 2013ರ ಆಸುಪಾಸಿನ ಹಳೆಯ ಕ್ಯಾಮ್ರಿ ಹೈಬ್ರಿಡ್‌ಗಳು ಹೊಸದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಚಂದದ ಕಾರು ನಿಜ, ಬ್ಯಾಟರಿಗೆ ಮಾತ್ರ ಯಾವ ಆಸರೆಯೂ ಉಳಿದಿಲ್ಲ. ಸಂಬಳದ ಮನೆಗೆ ಅದು ತಕ್ಕದ್ದಲ್ಲ. ಯಾವುದೇ ಗಾಡಿಯಾಗಲಿ, ಕಂಪನಿಯ ವರ್ಕ್‌ಶಾಪಿನಲ್ಲಿ ಹೈಬ್ರಿಡ್ ಬ್ಯಾಟರಿಯ ತಪಾಸಣೆ ಮಾಡಿಸಿ, ವಾರಂಟಿ ಹೊಸ ಮಾಲೀಕನಿಗೂ ಮುಂದುವರಿಯುತ್ತದೆಂದು ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಬೇಕು.

ಎರಡನೆಯದು ಮಳೆನೀರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿದದ್ದು ಎಲ್ಲರಿಗೂ ನೆನಪಿದೆ. ಅದರ ಅರ್ಧವೂ ಸುರಿಯದ ದಿನಗಳಲ್ಲೂ ಹಿಂದಮಾತಾ, ಮಾಟುಂಗಾದ ಗಾಂಧಿ ಮಾರ್ಕೆಟ್, ಅಂಧೇರಿ ಸಬ್‌ವೇಗಳಲ್ಲಿ ನೀರು ನಿಲ್ಲುತ್ತದೆ. ಹೈರೈಡರಿನ ಬ್ಯಾಟರಿ ಇರುವುದು ಡಿಕ್ಕಿಯ ನೆಲದಡಿ. ನೀರು ಕುಡಿದ ಸಾಮಾನ್ಯ ಕಾರನ್ನು ಒಣಗಿಸಿ ಓಡಿಸಬಹುದೇನೋ, ಹೈಬ್ರಿಡ್ ಅನ್ನು ನಂಬುವಂತಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಡಿಕ್ಕಿಯ ಹಾಸು ಎತ್ತಿ ಮೂಸಿ, ವಿಮೆಯ ಕ್ಲೇಮ್‌ಗಳ ವಿವರ ಕೇಳಿ. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇರುತ್ತದೆ. ಅದರಲ್ಲಿ ಧೂಳು, ನಾಯಿಯ ಕೂದಲು ಕಟ್ಟಿಕೊಂಡಿದ್ದರೆ ಬ್ಯಾಟರಿ ಬೆಂದಿರುವ ಸಾಧ್ಯತೆಯುಂಟು.

ಮೂರನೆಯದು ಸಣ್ಣ 12 ವೋಲ್ಟ್ ಬ್ಯಾಟರಿ. ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ಇದು ಬರಿದಾಗುತ್ತದೆ. ಆಗ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಅಲುಗುವುದಿಲ್ಲ. ಮೇ ತಿಂಗಳಿಡೀ ಊರಲ್ಲಿರುವವರು ಯಾರಿಂದಾದರೂ ನಡುನಡುವೆ ಚಾಲೂ ಮಾಡಿಸಬೇಕು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಜೀವ ತೆಗೆಯುವ ವೋಲ್ಟೇಜ್ ಇರುತ್ತದೆ. ಅವನ್ನು ಇಲಿ ಕಡಿದರೆ ಬೀದಿ ತಿರುವಿನ ಗ್ಯಾರೇಜಿನವನು ಮುಟ್ಟುವಂತಿಲ್ಲ. ಇಷ್ಟು ವರ್ಷ ನಮ್ಮನ್ನು ಪೊರೆದ ಆ ಮೆಕ್ಯಾನಿಕ್‌ನನ್ನು ಬಿಟ್ಟು ಕಂಪನಿ ವರ್ಕ್‌ಶಾಪಿನ ಬಿಲ್ಲಿಗೆ ಕಟ್ಟುಬೀಳುವುದು ಹೈಬ್ರಿಡ್‌ನ ನಿಜವಾದ ದೋಷ.

ಕಾಗದಪತ್ರದಲ್ಲಿ ಎರಡು ಮಾತು. ತಯಾರಾದ ತಿಂಗಳು ನೋಡಿ: ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು ತಾಳುವ ಬಿಡಿಭಾಗಗಳು ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಮಾದರಿಗಳ ಮೈಲೇಜು ಈ ಪೆಟ್ರೋಲಿನಲ್ಲಿ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆದ್ದರಿಂದ ಇಂಧನದ ಮುಚ್ಚಳದ ಬಳಿಯ ಚೀಟಿ, ಕೈಪಿಡಿ ಎರಡನ್ನೂ ಓದಿ. ಇನ್ನೊಂದು, ಅಗ್ಗವೆಂದು ಊರಿನ ನಂಟರಿಂದ ಕೆಎ 19 ಅಥವಾ ಕೆಎ 20 ನೋಂದಣಿಯ ಗಾಡಿ ತರುವ ಅಭ್ಯಾಸ. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಎನ್‌ಒಸಿ ತಂದು ಮಹಾರಾಷ್ಟ್ರದಲ್ಲಿ ಮರುನೋಂದಣಿ ಮಾಡಿಸಿ ಇಲ್ಲಿನ ತೆರಿಗೆ ಕಟ್ಟಲೇಬೇಕು. ಅಲ್ಲಿ ಉಳಿದ ಲಕ್ಷ ಇಲ್ಲಿ ಕರಗುತ್ತದೆ. ಎಂಎಚ್ 01ರಿಂದ 05ರವರೆಗಿನದೋ 43, 47ರದೋ ಗಾಡಿಯಾದರೆ ನೆಮ್ಮದಿ.

ಒಟ್ಟಿನಲ್ಲಿ ನನ್ನ ತೀರ್ಪು ಹೀಗೆ. 2023ರ ಏಪ್ರಿಲ್ ನಂತರ ತಯಾರಾದ, ಒಬ್ಬನೇ ಮಾಲೀಕನ ಕೈಯಲ್ಲಿದ್ದ, ಕಂಪನಿಯಲ್ಲೇ ಸರ್ವೀಸ್ ಆದ ಹೈಬ್ರಿಡ್ ಸಿಕ್ಕರೆ, ದಿನವೂ ಥಾಣೆಯಿಂದ ಅಂಧೇರಿಗೋ ನವಿ ಮುಂಬಯಿಯಿಂದ ಬಿಕೆಸಿಗೋ ಕಾರಿನಲ್ಲೇ ಹೋಗುವ ಮನೆಯವರು ಧೈರ್ಯವಾಗಿ ಚೌಕಾಸಿಗೆ ಕೂರಬಹುದು. ದಿನದ ಓಟ ಹೆಚ್ಚಿದ್ದು ಕೈ ಬಿಗಿಯಿದ್ದರೆ ಸಿಎನ್‌ಜಿ ನೋಡಲಿ. ಓಟವೇ ಇಲ್ಲದವರು ಅಚ್ಚುಕಟ್ಟಾದ ಒಂದು ಪೆಟ್ರೋಲ್ ಗಾಡಿ ಕೊಂಡು, ಉಳಿದ ಎರಡೂವರೆ ಲಕ್ಷವನ್ನು ಮಕ್ಕಳ ಹೆಸರಿನಲ್ಲಿ ಇಡಲಿ.