ನ್ಯೂ ಇಂಗ್ಲೆಂಡಿನ ಗ್ರಿಡ್, ಪಾವಗಡದ ಬಿಸಿಲು

ಗ್ರಿಡ್ ಸ್ಥಿರತೆ ಮತ್ತು ನವೀಕರಿಸಬಹುದಾದ ಇಂಧನದ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬರೆದ ಪಿಎಚ್‌ಡಿ ಪ್ರಬಂಧಗಳನ್ನು ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ತೆರೆಯುತ್ತ ಹೋದರೆ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದು ಬೇಗ ತಿಳಿಯುತ್ತದೆ. ಮೊದಲ ಅಧ್ಯಾಯದಲ್ಲಿ ಹವಾಮಾನ ಬದಲಾವಣೆಯೂ 2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ ಎಂಬ ಭಾರತದ ಗುರಿಯೂ ಬರುತ್ತವೆ. ಹಿಂದಿನವರ ಕೆಲಸದ ಪಟ್ಟಿ ಮುಗಿದದ್ದೇ ಪ್ರಬಂಧ ಅಮೆರಿಕದ ಈಶಾನ್ಯ ಮೂಲೆಗೆ ಹಾರುತ್ತದೆ. ಅಲ್ಲಿರುವುದು ‘ಐಇಇಇ 39 ಬಸ್’ ಎಂಬ ಮಾದರಿ ಜಾಲ: ಹತ್ತು ಜನರೇಟರ್, ಸುಮಾರು 6,100 ಮೆಗಾವಾಟ್ ಬೇಡಿಕೆ, 60 ಹರ್ಟ್ಸ್. ಇದು 1970ರ ದಶಕದ ನ್ಯೂ ಇಂಗ್ಲೆಂಡಿನ ಸರಳ ರೂಪ. ಗಾಳಿಯಂತ್ರ, ಸೌರಫಲಕ ಯಾವುದೂ ಅದರಲ್ಲಿಲ್ಲ. ಸಂಶೋಧಕರು ಒಂದೆರಡು ಜನರೇಟರ್ ತೆಗೆದು ಆ ಜಾಗದಲ್ಲಿ ಸೌರ ಘಟಕ ಕೂರಿಸುತ್ತಾರೆ, ಮ್ಯಾಟ್‌ಲ್ಯಾಬ್‌ನಲ್ಲಿ ಓಡಿಸುತ್ತಾರೆ, ಬಂದ ಗೆರೆಗಳನ್ನು ಅಚ್ಚು ಹಾಕುತ್ತಾರೆ.

ಮಾದರಿ ಜಾಲದ ಬಳಕೆಯೇ ತಪ್ಪಲ್ಲ. ಇಬ್ಬರ ಲೆಕ್ಕವನ್ನು ತಾಳೆ ನೋಡಲು ಇಬ್ಬರೂ ಬಲ್ಲ ಜಾಲವೊಂದು ಬೇಕೇಬೇಕು. ಆದರೆ ಆ ಜಾಲಕ್ಕೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕನ್ನು ಜೋಡಿಸಿದರೆ ಅದೊಂದೇ ಒಟ್ಟು ಬೇಡಿಕೆಯ ಮೂರನೇ ಒಂದು ಪಾಲಾಗುತ್ತದೆ. ನಿಜದ ಪಾವಗಡ ಸೇರಿರುವ ದೇಶದ ಗ್ರಿಡ್‌ನ ಗರಿಷ್ಠ ಬೇಡಿಕೆ 2024ರ ಮೇ ತಿಂಗಳಲ್ಲೇ 250 ಗಿಗಾವಾಟ್ ಮುಟ್ಟಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗ ಚಾಲೂ ಆದಾಗಿನಿಂದ ದಕ್ಷಿಣದ ಜಾಲವೂ ಉತ್ತರದ ಜೊತೆ ಒಂದೇ ತಾಳಕ್ಕೆ ಮಿಡಿಯುತ್ತಿದೆ. ಇಂಥ ದೈತ್ಯ ಜಾಲದಲ್ಲಿ ಫ್ರೀಕ್ವೆನ್ಸಿ ಸುಲಭಕ್ಕೆ ಕುಸಿಯುವುದಿಲ್ಲ. ತೊಂದರೆ ಹುಟ್ಟುವುದು ಒಂದೇ ಕಡೆ ಸಾವಿರಾರು ಮೆಗಾವಾಟ್ ಒತ್ತಾಗಿ ನಿಂತ ತಾಣಗಳಲ್ಲಿ, ಅಲ್ಲಿಂದ ಹೊರಡುವ ಉದ್ದನೆಯ ಲೈನ್‌ಗಳಲ್ಲಿ, ಮುಖ್ಯವಾಗಿ ವೋಲ್ಟೇಜ್‌ನಲ್ಲಿ. ಪ್ರಬಂಧಗಳ ಒಲವು ಮಾತ್ರ ತಿರುಗುವ ಯಂತ್ರಗಳ ಜಡತ್ವ ಮತ್ತು ಫ್ರೀಕ್ವೆನ್ಸಿಯ ಕಡೆಗೇ.

ಇನ್ನೊಂದು ಗೀಳು ಪ್ರಾಣಿಗಳದ್ದು, ಎಂದರೆ ಅವುಗಳ ಬೇಟೆಯ ರೀತಿಯನ್ನು ಅನುಕರಿಸುವ ಅಲ್ಗಾರಿದಮ್‌ಗಳದ್ದು. ಎಲ್ಗರ್ಡ್ ಮತ್ತು ಫೋಶಾ 1970ರಲ್ಲಿ ಕೊಟ್ಟ ಎರಡು ಪ್ರದೇಶಗಳ ಫ್ರೀಕ್ವೆನ್ಸಿ ನಿಯಂತ್ರಣದ ಮಾದರಿಯನ್ನೇ ಇಟ್ಟುಕೊಂಡು, ಅದರ ನಿಯಂತ್ರಕದ ಅಂಕಿಗಳನ್ನು ಒಬ್ಬರು ಬೂದು ತೋಳದ ಅಲ್ಗಾರಿದಮ್‌ನಿಂದ ಹೊಂದಿಸುತ್ತಾರೆ, ಮತ್ತೊಬ್ಬರು ತಿಮಿಂಗಿಲದಿಂದ, ಮಗದೊಬ್ಬರು ಬಾವಲಿಯಿಂದ. ಇಂಥ ಪ್ರಾಣಿರೂಪಕಗಳ ಹಿಂದೆ ಹೊಸ ವಿಚಾರ ಎಷ್ಟಿದೆ ಎಂದು ಸಂಶೋಧಕ ಕೆನ್ನೆತ್ ಸೋರೆನ್ಸೆನ್ ದಶಕದ ಹಿಂದೆಯೇ ಖಾರವಾಗಿ ಕೇಳಿದ್ದರು. ಮೃಗಾಲಯವೇನೂ ಚಿಕ್ಕದಾಗಲಿಲ್ಲ. ಸ್ಥಿರತೆಗೆ ಮರಳುವ ಹೊತ್ತು ಸೆಕೆಂಡಿನ ಒಂದಿಷ್ಟು ಭಾಗ ಇಳಿಯಿತೆಂಬುದೇ ಇಂಥ ಕೆಲಸದ ಫಲಶ್ರುತಿ. ಆ ಇಳಿಕೆಯಿಂದ ಯಾವ ಕತ್ತಲು ತಪ್ಪೀತು ಎಂಬ ಮಾತು ಪ್ರಬಂಧದಲ್ಲಿ ಬರುವುದೇ ಇಲ್ಲ.

ಕತ್ತಲು ಬೀಳುವ ಬಗೆಯೇ ಬೇರೆ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸುಂಟರಗಾಳಿ ಟವರ್‌ಗಳನ್ನು ಉರುಳಿಸಿತು. ಎರಡು ನಿಮಿಷದೊಳಗೆ ವೋಲ್ಟೇಜ್ ಮತ್ತೆ ಮತ್ತೆ ಕುಸಿಯಿತು. ಅಲ್ಲಿನ ಹಲವು ಗಾಳಿಯಂತ್ರಗಳ ತಂತ್ರಾಂಶದಲ್ಲಿ ಇಂಥ ಕುಸಿತವನ್ನು ಇಷ್ಟೇ ಸಲ ತಾಳಿಕೊಳ್ಳಬೇಕೆಂಬ ಮಿತಿಯಿತ್ತು. ಮಿತಿ ದಾಟಿದ್ದೇ ಏಳು ಸೆಕೆಂಡಿನೊಳಗೆ 456 ಮೆಗಾವಾಟ್ ಕಳಚಿಕೊಂಡಿತು. ಆ ಕೊರತೆಯನ್ನು ಹೊರಲಾಗದೆ ಪಕ್ಕದ ವಿಕ್ಟೋರಿಯಾದಿಂದ ಬರುವ ಹೇವುಡ್ ಲೈನ್ ಟ್ರಿಪ್ ಆಯಿತು. ಇಡೀ ರಾಜ್ಯಕ್ಕೆ ಕರೆಂಟು ಹೋಯಿತು. ಆ ಸೆಟ್ಟಿಂಗ್ ಗ್ರಿಡ್ ನಡೆಸುವವರಿಗೇ ಗೊತ್ತಿರಲಿಲ್ಲ, ಅವರ ಮಾದರಿಯಲ್ಲೂ ಇರಲಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದದ್ದು ವೋಲ್ಟೇಜ್ ಏರುತ್ತ ಹೋಗಿ, ಘಟಕಗಳು ಒಂದರ ಹಿಂದೊಂದು ಕಳಚಿಕೊಂಡದ್ದರಿಂದ. ರಾಜಸ್ಥಾನದ ಸೌರ ತಾಣಗಳಲ್ಲೂ 2022ರಿಂದೀಚೆಗೆ ಒಮ್ಮೆಗೇ ಸಾವಿರ ಮೆಗಾವಾಟ್‌ಗಿಂತ ಹೆಚ್ಚು ಉತ್ಪಾದನೆ ಕೈಬಿಟ್ಟ ಪ್ರಸಂಗಗಳು ನಡೆದಿವೆ. ಲೈನಿನಲ್ಲಿ ದೋಷವಾಗಿ ವೋಲ್ಟೇಜ್ ಬೀಳುತ್ತದೆ, ಚೇತರಿಸಿಕೊಳ್ಳುವಾಗ ಮಿತಿ ಮೀರಿ ಏರುತ್ತದೆ, ಏರಿದ್ದನ್ನು ತಾಳದೆ, ಸೌರ ವಿದ್ಯುತ್ತನ್ನು ಗ್ರಿಡ್‌ಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್‌ಗಳು ಹೊರಬೀಳುತ್ತವೆ. ತೋಳ, ತಿಮಿಂಗಿಲಗಳಿಗೆ ಇಲ್ಲಿ ಕೆಲಸವಿಲ್ಲ.

ಹಾಗೆಂದು ಈ ಕ್ಷೇತ್ರದ ವಿದ್ಯಾರ್ಥಿಗಳ ಕೆಲಸವೆಲ್ಲ ಕಾಗದಕ್ಕೆ ಮುಗಿಯುತ್ತದೆ ಎಂದರೆ ಅನ್ಯಾಯವಾದೀತು. ಮುಕುಲ್ ಚಂದೋರ್ಕರ್ ವಿಸ್ಕಾನ್ಸಿನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, 1993ರಲ್ಲಿ, ದೀಪಕ್ ದಿವಾನ್ ಮತ್ತು ಅಡಪ ಅವರ ಜೊತೆ ಪ್ರಕಟಿಸಿದ ಬರಹವನ್ನೇ ನೋಡಬಹುದು. ಹಲವು ಇನ್ವರ್ಟರ್‌ಗಳು ಒಂದರೊಡನೊಂದು ಸಂದೇಶ ವಿನಿಮಯವಿಲ್ಲದೆ, ತಮ್ಮ ಫ್ರೀಕ್ವೆನ್ಸಿಯನ್ನು ಹೊರೆಗೆ ತಕ್ಕಂತೆ ತುಸು ಇಳಿಸಿಕೊಂಡೇ ಲೋಡ್ ಹಂಚಿಕೊಳ್ಳಬಹುದೆಂದು ಅದು ತೋರಿಸಿತು. ದೊಡ್ಡ ಜನರೇಟರ್‌ಗಳ ಹಳೆಯ ಸ್ವಭಾವವನ್ನೇ ಇನ್ವರ್ಟರ್‌ಗೆ ಕಲಿಸಿದ ಕೆಲಸ ಅದು. ಇವತ್ತು ವೋಲ್ಟೇಜ್, ಫ್ರೀಕ್ವೆನ್ಸಿಗಳನ್ನು ತಾವೇ ನಿಲ್ಲಿಸಿ ಗ್ರಿಡ್ ಕಟ್ಟಿಕೊಡುವ ಇನ್ವರ್ಟರ್‌ಗಳ ಚರ್ಚೆ ಆ ದಾರಿಯಲ್ಲೇ ಸಾಗಿದೆ. ಅಲ್ಲಿ ಸಮಸ್ಯೆ ಮೊದಲಿತ್ತು, ಗಣಿತ ಅದರ ಹಿಂದೆ ಬಂತು.

ಇದೇ ಕ್ರಮದ ಇನ್ನೊಂದು ಕಥೆ ಬೆಂಗಳೂರನ್ನೂ ತಾಕುತ್ತದೆ. ನೆವಾಡಾದ ಮೊಹಾವಿ ಸ್ಥಾವರದಲ್ಲಿ 1970ರಲ್ಲೊಮ್ಮೆ, 1971ರಲ್ಲೊಮ್ಮೆ ಜನರೇಟರಿನ ಶಾಫ್ಟ್ ಹಾಳಾಯಿತು. ಲೈನಿಗೆ ಸರಣಿಯಲ್ಲಿ ಜೋಡಿಸಿದ್ದ ಕೆಪಾಸಿಟರ್ ಮತ್ತು ಯಂತ್ರದ ನಡುವೆ ಏಳುವ ಕಂಪನ ಅದಕ್ಕೆ ಕಾರಣ. ಆ ವಿಷಯ ಕುರಿತು ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಆರ್. ಪಡಿಯಾರ್ ಬರೆದ ಪುಸ್ತಕ 1999ರಲ್ಲಿ ಬಂತು. ಹತ್ತು ವರ್ಷದ ಮೇಲೆ, 2009ರಲ್ಲಿ, ಟೆಕ್ಸಾಸಿನ ಗಾಳಿಯಂತ್ರಗಳು ಅಂಥದೇ ಲೈನಿಗೆ ಸಿಕ್ಕಿ ಹಾನಿಗೊಂಡವು. ಈ ಬಗೆಯ ಕೆಲಸ ಹಳತಾಗುವುದಿಲ್ಲ.

ದೋಷವನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟಲಾಗದು. ಇನ್ವರ್ಟರ್ ತಯಾರಕರು ತಮ್ಮ ತಂತ್ರಾಂಶವನ್ನು ಬಿಟ್ಟುಕೊಡುವುದಿಲ್ಲ. ಒಳಗೇನಿದೆ ಎಂದು ಕಾಣದ ಮುಚ್ಚಿದ ಮಾದರಿ ಸಿಕ್ಕರೂ ಪುಣ್ಯ. ಜೊತೆಗೆ, ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಅಚ್ಚಾಗಬೇಕೆಂಬ ಒತ್ತಡವಿತ್ತು. ಬೇಗ ಅಚ್ಚಾಗಬೇಕಾದರೆ ಹಳೆಯ ಜಾಲಕ್ಕೆ ಹೊಸ ಪ್ರಾಣಿಯೇ ಹತ್ತಿರದ ದಾರಿ. 2022ರ ನಿಯಮಗಳಲ್ಲಿ ಯುಜಿಸಿ ಆ ಕಡ್ಡಾಯವನ್ನು ಕೈಬಿಟ್ಟಿತು. ಹಾಗಾಗಿ ಆ ನೆಪದ ಬಲ ಈಗ ಮೊದಲಿನಷ್ಟಿಲ್ಲ.

ದೇಶದ ಗ್ರಿಡ್ ನಡೆಸುವ ಗ್ರಿಡ್ ಇಂಡಿಯಾದ ದಿನನಿತ್ಯದ ವರದಿಗಳು ಎಲ್ಲರಿಗೂ ಸಿಗುತ್ತವೆ; ದೊಡ್ಡ ಅವಘಡಗಳ ತನಿಖಾ ವರದಿಗಳೂ ಹೊರಬರುತ್ತವೆ. ರಾಜಸ್ಥಾನದ ಒಂದೇ ಒಂದು ಟ್ರಿಪ್‌ನ ವರದಿಯನ್ನು ಎದುರಿಗಿಟ್ಟುಕೊಂಡು, ಅಂಥದೇ ದೋಷ ಪಾವಗಡದಿಂದ ಹೊರಡುವ ಲೈನಿನಲ್ಲಿ ಆದರೆ ಎಷ್ಟು ಇನ್ವರ್ಟರ್‌ಗಳು ಉಳಿದಾವು ಎಂದು ಕೇಳುವ ಪ್ರಬಂಧದಲ್ಲಿ ಹೊಸ ಅಲ್ಗಾರಿದಮ್ ಇರಬೇಕಾಗಿಲ್ಲ. ಮೌಖಿಕ ಪರೀಕ್ಷೆಗೆ ಬರುವ ಪರೀಕ್ಷಕರು ಅದನ್ನು ‘ಹೊಸತನ ಸಾಲದು’ ಎಂದು ತಳ್ಳದೆ ಇರುತ್ತಾರೆಯೇ ಎಂಬುದು ಮಾತ್ರ ಅನುಮಾನ.