ಅಕ್ಷಯ ನಿಧಿಯ ಸಾಕ್ಷ್ಯ: ಪಂಡಿತಾ ರಮಾಬಾಯಿಯವರ ಒಂದು ಕಿರುಪುಸ್ತಕ

ಮುಂಬಯಿಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿ, ರಾಯಚೂರುಗಳ ಕಡೆಗೆ ಹೋಗಿಬರುವ ನಮ್ಮವರಿಗೆ ಪುಣೆ ದಾಟಿದ ಮೇಲೆ, ದೌಂಡ್ ಬರುವುದಕ್ಕೆ ಮುಂಚೆ, ಕೇಡಗಾಂವ್ ಎಂಬ ಸಣ್ಣ ನಿಲ್ದಾಣವೊಂದು ಕಣ್ಣಿಗೆ ಬಿದ್ದಿರಬಹುದು. ವೇಗದ ಗಾಡಿಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ನಾನೂ ಎಷ್ಟೋ ವರ್ಷ ಆ ಹೆಸರಿನ ಹಲಗೆಯನ್ನು ನೋಡುತ್ತಲೇ ಹೋದವನು. ನಮ್ಮ ಚಾಳಿನಲ್ಲಿ ನೆರೆಮನೆಯವರಾಗಿದ್ದ ಮಂಗಳೂರು ಕಡೆಯ ಕ್ರೈಸ್ತ ಮಹಿಳೆಯೊಬ್ಬರು ಒಮ್ಮೆ ನನ್ನ ಕೈಗೊಂದು ತೆಳ್ಳನೆಯ ಪುಸ್ತಕವನ್ನಿತ್ತು, ‘ಓದಿ ನೋಡಿ, ಇವರು ನಿಮ್ಮ ಕಡೆಯವರೇ’ ಎಂದರು. ಅದು ಆ ಕೇಡಗಾಂವಿನಲ್ಲೇ, ‘ಮುಕ್ತಿ’ ಆಶ್ರಮದ ಸ್ವಂತ ಮುದ್ರಣಾಲಯದಲ್ಲಿ, 1907ರಲ್ಲಿ ಅಚ್ಚಾದ ಪುಸ್ತಕದ ಮರುಮುದ್ರಣ. ಬರೆದವರು ಪಂಡಿತಾ ರಮಾಬಾಯಿ. ಹೆಸರು ‘ಎ ಟೆಸ್ಟಿಮನಿ ಆಫ್ ಅವರ್ ಇನ್‌ಎಕ್ಸಾಸ್ಟಿಬಲ್ ಟ್ರೆಷರ್’. ನಮ್ಮ ಅಕ್ಷಯ ನಿಧಿಯ ಸಾಕ್ಷ್ಯ ಎನ್ನಬಹುದು.

‘ನಿಮ್ಮ ಕಡೆಯವರೇ’ ಎಂದ ಆ ಮಾತು ಉಪಚಾರದ್ದಲ್ಲ. ರಮಾಬಾಯಿಯವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಸಮರ್ಥನೆ ಕೊಡಬೇಕಾಯಿತು. ಆ ತಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದರು. ಮಗು ಆರು ತಿಂಗಳದ್ದಾಗಿದ್ದಾಗ ಸಂಸಾರ ಕಾಡು ಬಿಟ್ಟು ಹೊರಟಿತು. ಆಮೇಲೆ ಪುರಾಣ ಹೇಳುತ್ತ, ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತ ನಡೆದದ್ದೇ ಅವರ ಬಾಳು. ಊರು ಬಿಟ್ಟವರ ಕಥೆ ನಮಗೆ ಅಪರಿಚಿತವಲ್ಲ.

ಈ ಪುಸ್ತಕವನ್ನು ಸಾಮಾನ್ಯವಾಗಿ ಮತಾಂತರದ ಕಥೆಯೆಂದೇ ಓದುತ್ತಾರೆ. ಮೆಚ್ಚುವವರೂ ಹಾಗೆಯೇ ಓದುತ್ತಾರೆ, ಮುನಿಯುವವರೂ ಹಾಗೆಯೇ ಓದುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಪುಸ್ತಕಕ್ಕೆ ಮಾಡುವ ಅನ್ಯಾಯ. ಒಬ್ಬ ಹೆಂಗಸು ದೇವರನ್ನು ನಂಬುವುದನ್ನು ಹೇಗೆ ಕಲಿತಳು, ಎಷ್ಟು ನಿಧಾನವಾಗಿ ಕಲಿತಳು ಎಂಬುದೇ ಇದರ ವಸ್ತು. ಮತಾಂತರವು ಆ ದಾರಿಯಲ್ಲಿನ ಒಂದು ನಿಲ್ದಾಣ ಮಾತ್ರ; ಅದೂ ಕೊನೆಯ ನಿಲ್ದಾಣವಲ್ಲ.

ಇದಕ್ಕೆ ಆಧಾರ ಪುಸ್ತಕದ ರಚನೆಯಲ್ಲೇ ಇದೆ. ರಮಾಬಾಯಿಯವರು ದೀಕ್ಷಾಸ್ನಾನ ಪಡೆದದ್ದು 1883ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ವಾಂಟೇಜಿನಲ್ಲಿ. ಬೇರೆ ಯಾರಾದರೂ ಬರೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಉಳಿದದ್ದು ಮಂಗಳಾರತಿ. ಈ ಲೇಖಕಿಯಾದರೋ ಅಲ್ಲಿ ನಿಲ್ಲದೆ, ಆ ದಿನ ತನಗೆ ದೊರೆತದ್ದು ಕ್ರೈಸ್ತಧರ್ಮವೇ ಹೊರತು ಕ್ರಿಸ್ತನಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಮತ್ತೆ ಎಂಟು ವರ್ಷಗಳ ಕಾಲ ಅವರು ಧರ್ಮವನ್ನು ಪಾಲಿಸಿದರು, ಓದಿದರು, ವಾದಿಸಿದರು, ಸೇವೆ ಮಾಡಿದರು. ಮನಸ್ಸಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಆಗ ಕೈಗೆ ಬಂತು. ಎಷ್ಟೋ ಕಾಲ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದು, ತನಗೇ ಇನ್ನೂ ನಿಜವಾದ ವಿಶ್ವಾಸ ಹುಟ್ಟಿಲ್ಲವೆಂದು ತಡವಾಗಿ ಕಂಡುಕೊಂಡ ಮನುಷ್ಯ ಆತ. ಅದನ್ನೋದಿದ ರಮಾಬಾಯಿಯವರು ತಮ್ಮನ್ನೇ ಅಲ್ಲಿ ಕಂಡರು. ಆ ಹೊತ್ತಿಗೆ ಅವರು ಹೆಸರಾಂತ ವಿದುಷಿ. 1878ರಲ್ಲೇ ಕಲ್ಕತ್ತೆಯ ಪಂಡಿತರಿಂದ ಬಿರುದು ಪಡೆದವರು. ಮುಂಬಯಿಯಲ್ಲಿ 1889ರ ಮಾರ್ಚ್ 11ರಂದು ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದವರು. ಅಂಥವರು ‘ನನಗಿನ್ನೂ ನಂಬಲು ಬಂದಿರಲಿಲ್ಲ’ ಎಂಬರ್ಥದ ಮಾತನ್ನು ಅಚ್ಚಿನಲ್ಲಿ ಹೇಳುವುದು ಸಣ್ಣ ವಿಷಯವಲ್ಲ. ಇಡೀ ಪುಸ್ತಕದಲ್ಲಿ ಅತ್ಯಂತ ಪ್ರಾಮಾಣಿಕವಾದ ಪುಟಗಳು ಇವೇ ಎಂದು ನಾನು ಎಣಿಸುತ್ತೇನೆ.

ದೇವರ ಬಗೆಗೆ ತಿಳಿದಿರುವುದು ಬೇರೆ, ದೇವರನ್ನು ನಂಬಿ ಮುಂದಿನ ಹೆಜ್ಜೆಯಿಡುವುದು ಬೇರೆ. ಪ್ರವಚನಗಳಲ್ಲಿ ಈ ಮಾತು ಕೇಳಿ ಕೇಳಿ ಸವೆದುಹೋಗಿದೆ. ಇಲ್ಲಿ ಅದಕ್ಕೆ ಜೀವ ಬಂದಿರುವುದು, ಅದರ ಹಿಂದೆ ಒಂದು ಕ್ಷಾಮದ ನೆನಪು ಇರುವುದರಿಂದ. 1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಂದಾಗ ಈ ಸಂಸಾರದ ಹಣ ಕರಗಿತು. ಇದ್ದ ದ್ರವ್ಯವನ್ನು ವ್ರತಗಳಿಗೆ, ದಾನಗಳಿಗೆ, ದೇವಸ್ಥಾನಗಳಿಗೆ ಸುರಿದರು. ಕೂಲಿ ಮಾಡಿ ಗೊತ್ತಿಲ್ಲ. ಭಿಕ್ಷೆ ಬೇಡಲು ಮಾನ ಅಡ್ಡ ಬರುತ್ತದೆ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೊಡನೆ ಕಾಲ್ನಡೆಯಲ್ಲಿ ಸಾವಿರಾರು ಮೈಲಿ ಅಲೆದ ಹುಡುಗಿಯ ಮನಸ್ಸಿನಲ್ಲಿ ಹಳೆಯ ನಂಬಿಕೆ ಕುಸಿದುಬಿದ್ದದ್ದು ಆಶ್ಚರ್ಯವಲ್ಲ. ಆ ಅಣ್ಣನೂ 1880ರಲ್ಲಿ ಹೋದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನೂ ಕಾಲರಾಕ್ಕೆ ಬಲಿಯಾದರು. ಇಷ್ಟನ್ನು ಕಂಡವರು ‘ದೇವರನ್ನು ನಂಬಿ’ ಎಂದು ಹೇಳಿದಾಗ, ಸುಖವಾಗಿ ಕುಳಿತವರು ಹೇಳಿದಂತೆ ಅದು ಕೇಳಿಸುವುದಿಲ್ಲ.

ಇಲ್ಲಿಯೇ ನನ್ನ ಮೊದಲ ಆಕ್ಷೇಪವನ್ನೂ ಹೇಳಿಬಿಡಬೇಕು. ತಂದೆತಾಯಿಯರ ಭಕ್ತಿಯನ್ನು ಲೇಖಕಿ ವ್ಯರ್ಥ ಪ್ರಯಾಸವೆಂಬಂತೆ ಚಿತ್ರಿಸುತ್ತಾರೆ. ಮಿಷನರಿ ಓದುಗರನ್ನು ಎದುರಿಗಿಟ್ಟುಕೊಂಡು ಬರೆದ ಪುಸ್ತಕವಾದ್ದರಿಂದ ಈ ಧಾಟಿ ಬಂದಿರಬಹುದು. ಹಿಂದೂ ಓದುಗನ ಮನಸ್ಸಿಗೆ ಅದು ಚುಚ್ಚುತ್ತದೆ, ನನಗೂ ಚುಚ್ಚಿತು. ಆದರೆ ಪುಸ್ತಕವೇ ಇದಕ್ಕೆ ಉತ್ತರವನ್ನೂ ಒಳಗಿಟ್ಟುಕೊಂಡಿದೆ. ಸಾಯುವ ಹೊತ್ತಿನಲ್ಲಿ ತಂದೆ ಈ ಕಿರಿಯ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೊಪ್ಪಿಸಿದ್ದೇನೆ, ಬಾಳಿನುದ್ದಕ್ಕೂ ಅವನ ಸೇವೆಯನ್ನೇ ಮಾಡು ಎಂಬ ಅರ್ಥದ ಮಾತು ಹೇಳುತ್ತಾರೆ. ಅದನ್ನು ಮರೆಯಲಾರೆನೆಂದು ಮಗಳು ಬರೆಯುತ್ತಾರೆ. ಇದ್ದುದನ್ನೆಲ್ಲ ದೇವರಿಗೆಂದು ಬಿಟ್ಟುಕೊಟ್ಟು ನಾಳೆಗೆ ಏನೆಂದು ಕೇಳದ ಆ ಎದೆಗಾರಿಕೆ ಆಕೆಗೆ ಬಂದದ್ದು ವಾಂಟೇಜಿನಿಂದಲ್ಲ, ಗಂಗಾಮೂಲದಿಂದ. ನಂಬಿದ ದೇವರ ಹೆಸರು ಬದಲಾಯಿತು. ನಂಬುವ ಬಗೆ ಅಪ್ಪನದೇ. ಇದನ್ನು ಲೇಖಕಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆ ಮರಣಶಯ್ಯೆಯ ಪುಟವನ್ನು ಓದಿದವರಿಗೆ ಹೇಳಬೇಕಾಗಿಯೂ ಇಲ್ಲ.

ಎರಡನೆಯ ಭಾಗ ಕೇಡಗಾಂವಿನ ಕಥೆ. ಶಾರದಾ ಸದನಕ್ಕೆ ನೆರವಾಗಲು ಅಮೆರಿಕದ ಸ್ನೇಹಿತರು ಕಟ್ಟಿದ ಸಂಘ ಹತ್ತು ವರ್ಷದ ಮಾತು ಕೊಟ್ಟಿತ್ತು. ಆ ಹತ್ತು ವರ್ಷ ಮುಗಿದ ಮೇಲೆ ಏನು? ಸದನ ತನ್ನ ಕಾಲ ಮೇಲೆ ನಿಲ್ಲಲೆಂದು ಕೇಡಗಾಂವಿನಲ್ಲಿ ನೂರು ಎಕರೆಯಷ್ಟು ನೆಲ ಕೊಂಡು ಹಣ್ಣಿನ ತೋಟ ಹಾಕಿದರು. ಅಷ್ಟರಲ್ಲಿ 1896–97ರ ಕ್ಷಾಮ ಮಧ್ಯಪ್ರಾಂತಗಳಲ್ಲಿ ತಲೆದೋರಿತು. ತಾವು ಉಂಡ ಹಸಿವಿನ ನೆನಪು ಅವರನ್ನು ಅಲ್ಲಿಗೆ ಎಳೆದೊಯ್ಯಿತು. ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಭಯ; ನಗರದಲ್ಲಿ ಹೊಸಬರನ್ನಿರಿಸಲು ಅಧಿಕಾರಿಗಳು ಒಪ್ಪಲಿಲ್ಲ. ಬಯಲಲ್ಲಿ ಗುಡಿಸಲು, ಡೇರೆಗಳಲ್ಲಿ ಆರಂಭವಾದದ್ದೇ ‘ಮುಕ್ತಿ’. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಉಣ್ಣುವ ಬಾಯಿಗಳು ಸಾವಿರಕ್ಕೂ ಮಿಕ್ಕವು.

ಬ್ರಿಸ್ಟಲಿನಲ್ಲಿ ಅನಾಥಾಶ್ರಮಗಳನ್ನು ನಡೆಸಿದ ಜಾರ್ಜ್ ಮುಲ್ಲರ್, ಯಾರನ್ನೂ ಹಣ ಕೇಳದೆ ಪ್ರಾರ್ಥನೆಯ ಬಲದಿಂದಲೇ ನಡೆಸಿದವರೆಂದು ಪ್ರಸಿದ್ಧರು. ಅವರ ಚರಿತ್ರೆಯನ್ನು ಓದಿ, ಭಾರತದಲ್ಲೂ ಹೀಗೆ ಬದುಕಲಾಗುವುದೇ ಎಂದು ತಾವು ಕೇಳಿಕೊಂಡದ್ದನ್ನು ರಮಾಬಾಯಿಯವರು ಬರೆದಿದ್ದಾರೆ. ಆಶ್ರಮಕ್ಕೆ ಇಡುಗಂಟಿಲ್ಲ, ಗೊತ್ತಾದ ವರಮಾನವಿಲ್ಲ. ಆದರೂ ಅಗತ್ಯವಾದದ್ದು ಬಂದೇ ಬಂತು ಎಂಬುದು ಅವರ ಸಾಕ್ಷ್ಯ. ‘ಅಕ್ಷಯ ನಿಧಿ’ ಎಂಬ ಹೆಸರಿನ ಅರ್ಥ ಇದೇ.

ಇದನ್ನು ನಂಬದವರು ಒಂದು ಪ್ರಶ್ನೆ ಕೇಳಬಹುದು, ಕೇಳಬೇಕು. ದೇವರೊಬ್ಬನಿಗೇ ಹೇಳಿಕೊಳ್ಳುವವರು ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಹೊರದೇಶಗಳ ಓದುಗರ ಮುಂದಿಡುವುದೇಕೆ? ಸಾಕ್ಷ್ಯವೇ ಒಂದು ಬಗೆಯ ಮನವಿಯಾಗಿಬಿಡುವುದಿಲ್ಲವೆ? ಈ ತೊಡಕು ಪುಸ್ತಕದಲ್ಲಿದೆ. ಲೇಖಕಿ ಅದನ್ನು ಬಿಡಿಸಹೋಗಿಲ್ಲ. ಮುಲ್ಲರ್ ಅವರೂ ವರದಿಗಳನ್ನು ಪ್ರಕಟಿಸುತ್ತಿದ್ದರೆಂಬುದನ್ನು ನೆನೆದರೆ ತೊಡಕು ಈಕೆಯೊಬ್ಬರದೇ ಅಲ್ಲವೆಂದು ತಿಳಿಯುತ್ತದೆ. ನನಗೆ ತೋಚುವ ಸಮಾಧಾನ ಇಷ್ಟು: ಬೇಡುವವರು ತಮ್ಮ ಇಲ್ಲದಿಕೆಯನ್ನು ಮುಂದೆ ಮಾಡುತ್ತಾರೆ, ಈ ಪುಸ್ತಕ ಮುಂದೆ ಮಾಡುವುದು ದೊರೆತದ್ದನ್ನು. ಆದರೂ ಪ್ರಶ್ನೆ ಪೂರ್ತಿ ಹೋಗುವುದಿಲ್ಲ ಎಂಬುದನ್ನು ಒಪ್ಪಬೇಕು.

ನಂಬಿಕೆಯೆಂದರೆ ಕೈಕಟ್ಟಿ ಕೂಡುವುದು ಎಂಬ ಇನ್ನೊಂದು ಅಪವಾದಕ್ಕೆ ಮಾತ್ರ ‘ಮುಕ್ತಿ’ಯ ದಿನಚರಿಯೇ ಸಾಕಷ್ಟು ಉತ್ತರ. ಅಲ್ಲಿ ಹುಡುಗಿಯರು ಉತ್ತರು, ನೇಯ್ದರು, ಎಣ್ಣೆ ತೆಗೆದರು, ಹಸು ಸಾಕಿದರು, ಅಚ್ಚಿನ ಮೊಳೆ ಜೋಡಿಸಿದರು. ವ್ರತ ಮುಗಿಸಿ ಪವಾಡಕ್ಕೆ ಕಾದ ಸಂಸಾರದಲ್ಲಿ ಹುಟ್ಟಿ, ದುಡಿಯಲು ಬಾರದೆ ಸತ್ತವರನ್ನು ಕಂಡ ಹೆಣ್ಣು ತನ್ನ ಮಕ್ಕಳಿಗೆ ಮೊದಲು ಕೈಕೆಲಸ ಕಲಿಸಿದಳು. ಬೆಳಗಿನ ಪ್ರಾರ್ಥನೆಯೂ ಬಾವಿಯ ನೀರು ಸೇದುವುದೂ ಅಲ್ಲಿ ಒಂದೇ ನಂಬಿಕೆಯ ಎರಡು ಕೆಲಸಗಳು. ಕಾಯಕದ ಮಾತು ಕೇಳಿ ಬೆಳೆದ ನಮಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕವನ್ನು ನನಗಿತ್ತ ನೆರೆಯಾಕೆಯ ನೆನಪು ಇಲ್ಲಿ ಬರುತ್ತದೆ. ಅವರ ಯಜಮಾನರು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದ ವರ್ಷ, ಸಂಜೆ ಅವರ ಮನೆಯ ಪ್ರಾರ್ಥನೆ ಒಂದು ದಿನವೂ ತಪ್ಪಲಿಲ್ಲ. ಅದು ಮುಗಿದೊಡನೆ ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು, ನಡುರಾತ್ರಿಯವರೆಗೂ ನಿಲ್ಲುತ್ತಿರಲಿಲ್ಲ. ‘ದೇವರು ಕೊಡುತ್ತಾನೆಂದರೆ ಮತ್ತೆ ಇದೇಕೆ?’ ಎಂದು ನಾನೊಮ್ಮೆ ತಮಾಷೆಗೆ ಕೇಳಿದೆ. ‘ಕೊಟ್ಟಿದ್ದಾನಲ್ಲ, ಯಂತ್ರ’ ಎಂದರು. ಆಗ ನಕ್ಕು ಸುಮ್ಮನಾದೆ. ಈ ಪುಸ್ತಕ ಓದಿದ ಮೇಲೆ ಆ ನಗೆಗೆ ನಾಚಿದೆ.

ಸಾಹಿತ್ಯದ ದೃಷ್ಟಿಯಿಂದ ಕೊರತೆಗಳಿವೆ. ಉತ್ತರಾರ್ಧದಲ್ಲಿ ಬೈಬಲಿನ ವಾಕ್ಯಗಳು ಒತ್ತೊತ್ತಾಗಿ ಬಂದು ಲೇಖಕಿಯ ಸ್ವಂತ ದನಿ ಅಡಗುತ್ತದೆ. 1897ರಲ್ಲಿ ಅವರೇ ಬರೆದ ಕ್ಷಾಮದ ಅನುಭವಗಳಲ್ಲಿ ಹಸಿವಿನ ಒಂದೊಂದು ದಿನವೂ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಅಂಥ ದಿನಗಳು ಸಾರಾಂಶವಾಗಿ ಸರಿದುಹೋಗುತ್ತವೆ. ಅಡುಗೆಮನೆಯಲ್ಲಿ ಕಾಳು ಮುಗಿದ ಒಂದು ಬೆಳಗ್ಗೆ, ಜ್ವರ ಬಿದ್ದ ಒಂದು ಮಗು, ಉತ್ತರ ಸಿಗದ ಒಂದು ಪ್ರಾರ್ಥನೆ, ಇವು ಇನ್ನಷ್ಟು ಬೇಕಿತ್ತು. ನಂಬಿಕೆಯ ಪರೀಕ್ಷೆ ನಡೆಯುವುದು ಇಂಥ ಕಡೆಗಳಲ್ಲೇ. 1893ರಲ್ಲಿ ಶಾರದಾ ಸದನದ ಬಗೆಗೆ ಪುಣೆಯಲ್ಲಿ ಎದ್ದ ಬಿರುಗಾಳಿ, ‘ಕೇಸರಿ’ಯ ಟೀಕೆ, ಎಷ್ಟೋ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದದ್ದು, ಇವುಗಳ ನೋವನ್ನೂ ಪುಸ್ತಕ ತೆರೆದು ತೋರುವುದಿಲ್ಲ.

ಉತ್ತರ ಸಿಗದ ಪ್ರಾರ್ಥನೆಯ ಅಧ್ಯಾಯವನ್ನು ಬದುಕು ಆಮೇಲೆ ಬರೆಯಿತು. ಒಬ್ಬಳೇ ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದಾಕೆ. 1912ರಲ್ಲಿ ಆಗಿನ ಗುಲಬರ್ಗಾದಲ್ಲಿ ಆರಂಭಿಸಿದ ಶಾಲೆಯ ಹೊಣೆಯನ್ನೂ ಹೊತ್ತಾಕೆ. 1921ರಲ್ಲಿ ಆಕೆ ತೀರಿಕೊಂಡಳು. ಮುಂದಿನ ವರ್ಷ, 1922ರ ಏಪ್ರಿಲ್ 5ರಂದು, ರಮಾಬಾಯಿಯವರೂ ಹೋದರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡುತ್ತ ಬಂದಿದ್ದರು. ಅದು ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ. ಮಗಳನ್ನು ಕಳೆದುಕೊಂಡ ತಾಯಿ ಆ ಕೊನೆಯ ತಿಂಗಳುಗಳಲ್ಲಿ ‘ಅಕ್ಷಯ ನಿಧಿ’ಯ ಬಗೆಗೆ ಏನು ಬರೆಯುತ್ತಿದ್ದರೋ! 1907ರ ಪುಸ್ತಕವನ್ನು ಓದುವಾಗ ಈ ಮುಂದಿನ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕೆಂದು ನನ್ನ ಸೂಚನೆ. ಆಗ ಅದರ ಗೆಲುವಿನ ದನಿ ಸ್ವಲ್ಪ ತಗ್ಗಿ, ಇನ್ನಷ್ಟು ನಿಜವಾಗಿ ಕೇಳಿಸುತ್ತದೆ.

ಕ್ರೈಸ್ತರಲ್ಲದವರು ಇದನ್ನು ಏಕೆ ಓದಬೇಕು? ಲೇಖಕಿಯ ಮತವನ್ನು ಒಪ್ಪುವುದಕ್ಕಲ್ಲ, ನಾನೂ ಒಪ್ಪಿದವನಲ್ಲ. ಬಾಡಿಗೆ ಮನೆ, ಗ್ಯಾರಂಟಿಯಿಲ್ಲದ ನೌಕರಿ, ದೂರದಲ್ಲಿ ಮುಪ್ಪಾಗುತ್ತಿರುವ ತಂದೆತಾಯಿ, ಇವುಗಳ ನಡುವೆ ಪರಸ್ಥಳದಲ್ಲಿ ಬಾಳುವ ನಾವೂ ದಿನವೂ ಯಾವುದನ್ನೋ ನಂಬಿಯೇ ಬೆಳಗ್ಗೆ ಮನೆ ಬಿಡುತ್ತೇವೆ. ಅದು ಏನನ್ನು, ಎಷ್ಟರಮಟ್ಟಿಗೆ ಎಂದು ಕೇಳಿಕೊಳ್ಳಲು ನಮಗೆ ಬಿಡುವಿಲ್ಲ. ರಮಾಬಾಯಿಯವರು ಕೇಳಿಕೊಂಡರು, ಇಪ್ಪತ್ತೈದರಲ್ಲಿ ಸಿಕ್ಕಿತೆಂದುಕೊಂಡ ಉತ್ತರ ಸಾಲದೆಂದು ಮೂವತ್ತಮೂರರಲ್ಲಿ ಒಪ್ಪಿಕೊಂಡರು. ಆ ಒಪ್ಪಿಗೆಗಾಗಿಯೇ ಈ ಪುಸ್ತಕವನ್ನು ನಮ್ಮ ಮನೆಗಳಲ್ಲಿ ಓದಬೇಕು. ಕನ್ನಡದ ಕಾಡಿನಲ್ಲಿ ಹುಟ್ಟಿದ ಈ ಮಗಳ ಸಾಕ್ಷ್ಯವನ್ನು ಯಾರಾದರೂ ಸಮರ್ಥರು ಒಳ್ಳೆಯ ಕನ್ನಡಕ್ಕೆ ತಂದು, ಮುನ್ನುಡಿ ಬರೆದು, ಮನೆಮನೆಗೂ ಮುಟ್ಟಿಸಿದರೆ ಅದಕ್ಕಿಂತ ಉಪಕಾರ ಬೇರಿಲ್ಲ.

ಮುಂದಿನ ಬಾರಿ ಊರಿಗೆ ಹೋಗುವಾಗ, ದೌಂಡ್ ಬರುವ ಮುನ್ನ ಕಿಟಕಿಯಿಂದಾಚೆ ಒಮ್ಮೆ ನೋಡಿ. ಮಕ್ಕಳು ಜೊತೆಯಲ್ಲಿದ್ದರೆ ಅವರಿಗೂ ಆ ನಿಲ್ದಾಣದ ಹೆಸರು ತೋರಿಸಿ.