ಬೋವಜನ ಅಪ್ಪಣೆ: ರೂತಳ ಗ್ರಂಥದಲ್ಲಿ ನಾವು ದಾಟಿಹೋಗುವ ವಾಕ್ಯಗಳು

ರೂತಳ ಗ್ರಂಥವನ್ನು ನಾವು ಬಹುಕಾಲದಿಂದ ಸೊಸೆಯ ನಿಷ್ಠೆಯ ಕಥೆಯಾಗಿ ಬೋಧಿಸುತ್ತ ಬಂದಿದ್ದೇವೆ. ಅತ್ತೆಗೆ ಆಕೆ ಕೊಟ್ಟ ಮಾತನ್ನು ವಿವಾಹದ ಪ್ರಬೋಧನೆಯಲ್ಲಿ ವಧೂವರರಿಗೆ ಅನ್ವಯಿಸುತ್ತೇವೆ. ಈ ಓದು ತಪ್ಪೆನ್ನಲಾಗದು. ಆದರೆ ಎರಡನೆಯ ಅಧ್ಯಾಯದ ಮೂರು ವಾಕ್ಯಗಳನ್ನು ಅದು ದಾಟಿಹೋಗುತ್ತದೆ. ನೆಲೆ ತಪ್ಪಿದ ಸ್ತ್ರೀಯ ನಿಜಸ್ಥಿತಿ ಇರುವುದು ಅಲ್ಲಿಯೇ.

ಕಥೆಯ ಕಾಲ ನ್ಯಾಯಸ್ಥಾಪಕರದು. ನಮ್ಮ ಬೈಬಲಿನ ಕ್ರಮದಲ್ಲಿ ಅದಕ್ಕೆ ಮುಂಚಿನ ಪುಟಗಳಲ್ಲಿಯೇ ಬೇತ್ಲೆಹೇಮಿನ ಒಬ್ಬಳು ಗಿಬೆಯದಲ್ಲಿ ರಾತ್ರಿಯಿಡೀ ಅತ್ಯಾಚಾರಕ್ಕೆ ಬಲಿಯಾಗುತ್ತಾಳೆ. ಅದರಿಂದ ಅಂತರ್ಯುದ್ಧ ಹುಟ್ಟುತ್ತದೆ. ಯುದ್ಧದ ಕೊನೆಗೆ ಯಾಬೇಷ್ ಗಿಲ್ಯಾದಿನ 400 ಕನ್ಯೆಯರನ್ನು ಗೆದ್ದ ವಸ್ತುವಿನಂತೆ ಹಂಚಲಾಗುತ್ತದೆ. ಅಂಥ ನಾಡಿನಲ್ಲಿ ಮೋವಾಬಿನ ವಿಧವೆ ಹಕ್ಕಲಾಯಲು ಹೊರಡುತ್ತಾಳೆ.

ಆಕೆಯನ್ನು ಮುಟ್ಟಬಾರದೆಂದು ಬೋವಜನು ಆಳುಗಳಿಗೆ ಅಪ್ಪಣೆ ಮಾಡುತ್ತಾನೆ (2:9), ಅವಮಾನಪಡಿಸಬಾರದೆನ್ನುತ್ತಾನೆ (2:15). ಬೇರೆ ಹೊಲದಲ್ಲಿ ನಿನ್ನ ಮೇಲೆ ಬಿದ್ದಾರೆಂದು ನವೊಮಿ ಅಂಜುತ್ತಾಳೆ (2:22). ಅಲ್ಲಿನ ಹೀಬ್ರೂ ಕ್ರಿಯಾಪದ 'ಪಾಗಾ'. ನೋಬಿನ ಯಾಜಕರ ಮೇಲೆ ಬಿದ್ದು ದೋಯೇಗನು ಅವರನ್ನು ಕೊಂದ ಪ್ರಸಂಗದಲ್ಲಿಯೂ (1 ಸಮುವೇಲ 22:18) ಅದೇ ಪದವಿದೆ. ಅದನ್ನು 'ತೊಂದರೆ' ಎಂದು ಮೃದುಗೊಳಿಸುವ ಹಕ್ಕು ವ್ಯಾಖ್ಯಾನಕಾರರಿಗಿಲ್ಲ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಅಪ್ಪಣೆ ಹೋದದ್ದು ಗಂಡಸರಿಗೆ. ಹೋದದ್ದು ದೂರು ಬರುವ ಮುನ್ನ. ಜೊತೆಗೆ, ಆಳುಗಳು ಸೇದಿಟ್ಟ ನೀರನ್ನು ಕುಡಿಯಲು ರೂತಳಿಗೆ ಅನುಮತಿಯೂ ದೊರೆಯಿತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ಪರಿಹಾರ ಸಂಸ್ಥೆಗಳೂ ಕೂಡಿ 2015ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ತಿರುಳೂ ಇದೇ: ನಿರಾಶ್ರಿತರ ನಡುವೆ ಲಿಂಗಾಧಾರಿತ ಹಿಂಸೆ ನಡೆಯುತ್ತಿದೆಯೆಂದೇ ಭಾವಿಸಬೇಕು, ಅಂಕಿಅಂಶಕ್ಕೆ ಕಾಯದೆ ನೀರು, ಶೌಚಾಲಯ, ಬೆಳಕುಗಳನ್ನು ಸುರಕ್ಷಿತವಾಗಿ ಏರ್ಪಡಿಸಬೇಕು.

ಆದರೂ ಬೋವಜನನ್ನು ಆದರ್ಶವೆಂದು ಹೊಗಳಿ ಮುಗಿಸುವಂತಿಲ್ಲ. ರಕ್ಷಣೆ ಅವನ ಹೊಲದ ಬದುವಿಗೇ ನಿಲ್ಲುತ್ತದೆ. ಒಬ್ಬ ಒಡೆಯನ ದಯೆಯನ್ನು ನಂಬಿದ ಸುರಕ್ಷತೆ ಇನ್ನೂ ನ್ಯಾಯವಾಗಿಲ್ಲ. ಅಲ್ಲದೆ, ಹೆಂಗಸೊಬ್ಬಳು ಕಣಕ್ಕೆ ಬಂದದ್ದು ಯಾರಿಗೂ ತಿಳಿಯಬಾರದೆನ್ನುತ್ತಾನೆ ಅವನು (3:14). ಅವನ ಗುಟ್ಟು ಆಕೆಯ ಮಾನವನ್ನು ಕಾದಿರಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ಅಂಥ ಗುಟ್ಟು ಬಹುಪಾಲು ಕಾಯುವುದು ತಪ್ಪಿತಸ್ಥನನ್ನು.

ಇದು ದೂರದ ಶಿಬಿರಗಳ ಮಾತೆಂದು ಭಾವಿಸಬೇಡಿ. 1964ರ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದ ತಮಿಳು ಕಾರ್ಮಿಕರು ನಮ್ಮ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಸಿದರು. ಚಾಂಪಿಯನ್ ರೀಫ್ಸ್‌ನವರು ಯುದ್ಧದಿಂದ ಓಡಿಬಂದವರಲ್ಲ. ಆದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅನ್ಯರ ಹೊಲದಲ್ಲಿ ಹಕ್ಕಲಾಯುವ ಪಾಡು ಅವರದೂ ಆಯಿತು. ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ಕೆಲಸಕ್ಕೆ ಹೋಗುವ ಸ್ತ್ರೀಯರಿಗೆ ಯಾಜಕರಾದ ನಾವು ಹೇಳುವುದು ಜಾಗ್ರತೆ, ತಾಳ್ಮೆ. ಕೇಳಿದವರಿಗೆ ನಮ್ಮ ಉತ್ತರ: ದೂರು ಬಂದಿಲ್ಲ. 2013ರ ಕಾಯಿದೆಯ ಪ್ರಕಾರ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಪೀಠದಿಂದ ತಿಳಿಸಿದ್ದೇವೆ?

ಗುರುಮಠದ ಸೋದರರು ಮುಂದೆ ಈ ಅಧ್ಯಾಯವನ್ನು ಬೋಧಿಸುವಾಗ ರೂತಳ ನಿಷ್ಠೆಯನ್ನು ಸ್ಮರಿಸಲಿ. ಆದರೆ ಪ್ರಬೋಧನೆಯ ಮೊದಲ ಮಾತು ಗಂಡಸರು ಕುಳಿತ ಸಾಲಿಗೆ ಸಲ್ಲಲಿ. ಯಾರೂ ಬಂದು ಅಳುವ ಮುನ್ನವೇ ಸಲ್ಲಲಿ. ಅದಕ್ಕೂ ಮೊದಲು ಆ ಅಪ್ಪಣೆಗೆ ನಾವೇ ಕಿವಿಗೊಡೋಣ.